ಕಟ್ಟುವವರು ಮತ್ತು ಬಿಚ್ಚುವವರು

ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವುದನ್ನು ನೋಡುತ್ತ ನಿಲ್ಲುವುದು ನನ್ನ ಬಾಲ್ಯದ ಮೆಚ್ಚಿನ ಮನರಂಜನೆಗಳಲ್ಲಿ ಒಂದಾಗಿತ್ತು. ಅಂಗಡಿಯ ಶೆಟ್ಟರು ಕಾಗದವನ್ನು ಶಂಖದ ಆಕಾರಕ್ಕೆ ಸುತ್ತಿ, ಅದರೊಳಗೆ ಸಕ್ಕರೆಯನ್ನು ಸುರಿದು, ಬಾಯನ್ನು ಮಡಿಸಿ, ಮೇಲಿನಿಂದ ಇಳಿಬಿದ್ದಿರುತ್ತಿದ್ದ ಹುರಿಯನ್ನು ಎಳೆದು ಎರಡು ಸುತ್ತು ಸುತ್ತಿ ಗಂಟು ಹಾಕುತ್ತಿದ್ದರು. ಕಣ್ಣು ಮಿಟುಕಿಸುವಷ್ಟರಲ್ಲಿ ಪೊಟ್ಟಣ ಸಿದ್ಧ. ಚೀಲದಲ್ಲಿ ಉರುಳಾಡಿದರೂ, ಹುಡುಗರ ಕೈಯಲ್ಲಿ ಬಿದ್ದರೂ ಅದು ಬಿಚ್ಚಿಕೊಳ್ಳುತ್ತಿರಲಿಲ್ಲ. ಆದರೆ ಮನೆಗೆ ತಂದ ಮೇಲೆ ತಾಯಿ ಹುರಿಯ ಒಂದು ತುದಿಯನ್ನು ಹಿಡಿದು ಮೆಲ್ಲನೆ ಎಳೆದರೆ ಸಾಕು, ಗಂಟು ತಾನಾಗಿ ಸಡಿಲಗೊಂಡು ಪೊಟ್ಟಣ ಬಾಯಿ ತೆರೆಯುತ್ತಿತ್ತು. ಅಷ್ಟು ಬಿಗಿಯಾಗಿದ್ದ ಗಂಟು ಇಷ್ಟು ಸುಲಭವಾಗಿ ಬಿಚ್ಚಿದ್ದು ಹೇಗೆಂಬುದು ಆಗ ನನಗೆ ತಿಳಿಯುತ್ತಿರಲಿಲ್ಲ. ಕಟ್ಟುವ ಹೊತ್ತಿನಲ್ಲಿಯೇ ಶೆಟ್ಟರಿಗೆ ಬಿಚ್ಚುವವರ ನೆನಪು ಇರುತ್ತಿತ್ತು ಎಂಬುದು ಈಗ ತಿಳಿಯುತ್ತದೆ.

ಹೋಟೆಲಿನವರ ಬಾಳೆಯೆಲೆಯ ಕಟ್ಟು ಇದಕ್ಕಿಂತಲೂ ಸೊಗಸಾದುದು. ಎಲೆಯನ್ನು ಕೆಂಡದ ಮೇಲೆ ಸ್ವಲ್ಪ ಬಾಡಿಸಿದರೆ ಅದು ಮಡಿಸಿದಲ್ಲಿ ಸೀಳದೆ ಬಾಗುತ್ತದೆ. ಅದರಲ್ಲಿ ಚಿತ್ರಾನ್ನವನ್ನೊ ಮೊಸರನ್ನವನ್ನೊ ಇಟ್ಟು ನಾಲ್ಕು ಕಡೆಯಿಂದಲೂ ಮಡಿಸಿ ಬಾಳೆಯ ನಾರಿನಿಂದ ಕಟ್ಟುತ್ತಿದ್ದರು. ಪ್ರಯಾಣಿಕನು ನಾರನ್ನು ಜಾರಿಸಿ ಮಡಿಕೆಗಳನ್ನು ಬಿಡಿಸಿದೊಡನೆ ಕಟ್ಟೇ ತಟ್ಟೆಯಾಗುತ್ತಿತ್ತು. ಉಂಡಾದ ಮೇಲೆ ಎಸೆದ ಎಲೆಯನ್ನು ದನ ತಿನ್ನುತ್ತಿತ್ತು. ಅದಕ್ಕೆ ಕತ್ತರಿಯೂ ಬೇಡ, ಹಲ್ಲೂ ಬೇಡ.

ಆ ಕಾಲಕ್ಕೆ ಹಿಂದಿರುಗೋಣವೆಂದು ನಾನು ಹೇಳಹೊರಟಿಲ್ಲ. ಬಾಳೆಯೆಲೆಯ ಕಟ್ಟಿನೊಳಗಿನ ಅನ್ನ ಸಂಜೆಯವರೆಗೆ ಉಳಿದರೆ ಹೆಚ್ಚು. ಅಂಗಡಿಯ ಕಾಗದವೂ ಅನೇಕ ವೇಳೆ ಹಳೆಯ ವೃತ್ತಪತ್ರಿಕೆಯೇ ಆಗಿರುತ್ತಿತ್ತು. ಅದರ ಮಸಿ ಬೋಂಡದ ಎಣ್ಣೆಯೊಡನೆ ಹೊಟ್ಟೆಗೆ ಸೇರುವುದು ಆರೋಗ್ಯಕ್ಕೆ ಕೇಡು ಎಂಬ ಕಾರಣದಿಂದ, ಆಹಾರವನ್ನು ವೃತ್ತಪತ್ರಿಕೆಯಲ್ಲಿ ಕಟ್ಟಕೂಡದೆಂದು 2018ರ ಆಹಾರ ಪೊಟ್ಟಣಗಳ ನಿಯಮಾವಳಿಯೇ ಹೇಳುತ್ತದೆ. ಬಿಸ್ಕತ್ತು ಮಳೆಗಾಲದಲ್ಲಿಯೂ ಗರಿಗರಿಯಾಗಿರಬೇಕಾದರೆ, ಹಾಲಿನ ಪುಡಿ ಆರು ತಿಂಗಳು ಕೆಡದಿರಬೇಕಾದರೆ, ಗಾಳಿಯೂ ತೇವವೂ ಒಳಹೋಗದ ಹೊದಿಕೆ ಬೇಕೇ ಬೇಕು. ಈ ಕೆಲಸವನ್ನು ಇಂದಿನ ಪೊಟ್ಟಣಗಳು ಬಹಳ ಚೆನ್ನಾಗಿ ಮಾಡುತ್ತವೆ. ನನ್ನ ತಕರಾರು ಇರುವುದು ಇನ್ನೊಂದು ಕೆಲಸದ ವಿಷಯದಲ್ಲಿ. ಆಹಾರವನ್ನು ಕಾಯುವುದು ಪೊಟ್ಟಣದ ಧರ್ಮವಾದರೆ, ಹಸಿದವನು ಬಂದಾಗ ಅದನ್ನು ಒಪ್ಪಿಸುವುದೂ ಅದರ ಧರ್ಮವೇ. ಈ ಎರಡನೆಯದನ್ನು ನಮ್ಮ ಪೊಟ್ಟಣಗಳು ಮರೆತಿವೆ.

ರೈಲಿನಲ್ಲಿ ಊಟದ ಹೊತ್ತಿಗೆ ಸುಮ್ಮನೆ ಸುತ್ತಲೂ ಕಣ್ಣಾಡಿಸಿ ನೋಡಿ. ಒಬ್ಬರು ಉಪ್ಪಿನಕಾಯಿಯ ಪುಟ್ಟ ಪೊಟ್ಟಣವನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿರುತ್ತಾರೆ. ಇನ್ನೊಬ್ಬರು ಮೊಸರಿನ ಬಟ್ಟಲಿನ ಮುಚ್ಚಳದ ಕಿವಿಯನ್ನು ಉಗುರಿನಿಂದ ಕೆರೆದು ಕೆರೆದು ಸೋತು, ಕೊನೆಗೆ ಹೆಬ್ಬೆರಳಿನಿಂದ ಮುಚ್ಚಳವನ್ನೇ ತೂತುಮಾಡಿ ಪಕ್ಕದವರ ಅಂಗಿಗೆ ಮೊಸರನ್ನು ಸಿಡಿಸುತ್ತಾರೆ. ಸಾಂಬಾರಿನ ಚೀಲದ ಬಾಯಿಗೆ ದಾರವನ್ನು ಹತ್ತು ಸುತ್ತು ಬಿಗಿದು ಕೊಟ್ಟಿರುತ್ತಾರೆ; ಆ ದಾರದ ತುದಿ ಎಲ್ಲಿದೆಯೆಂಬುದನ್ನು ಬ್ರಹ್ಮನೇ ಬಲ್ಲ. ವಿದ್ಯಾವಂತರೂ ಗೃಹಸ್ಥರೂ ಆದವರು ಹೊಟ್ಟೆಗೆ ತುತ್ತು ಬೀಳುವ ಮೊದಲು ಹಲ್ಲು ಉಗುರುಗಳನ್ನು ಹೀಗೆ ಆಯುಧಗಳಾಗಿ ಮಾಡಿಕೊಳ್ಳಬೇಕಾಗಿ ಬಂದಿರುವುದು ನಾಗರಿಕತೆಯ ಮುನ್ನಡೆಯೋ ಹಿನ್ನಡೆಯೋ ನನಗೆ ತಿಳಿಯದು.

ಇದು ಹೀಗೇಕೆ ಆಗುತ್ತದೆ? ಇಂಥ ಪೊಟ್ಟಣದ ಹೊದಿಕೆ ನೋಡುವುದಕ್ಕೆ ಒಂದೇ ಹಾಳೆಯಂತೆ ಕಂಡರೂ ಅನೇಕ ವೇಳೆ ಎರಡು ಮೂರು ಪದರಗಳಿಂದ ಕೂಡಿರುತ್ತದೆ. ಹೊರಗಡೆ ಅಚ್ಚಿನ ಬಣ್ಣವನ್ನು ಹೊತ್ತ ಗಟ್ಟಿಯಾದ ಪಾಲಿಯೆಸ್ಟರ್, ನಡುವೆ ತೇವವನ್ನೂ ಬೆಳಕನ್ನೂ ತಡೆಯುವ ಅಲ್ಯೂಮಿನಿಯಮ್, ಒಳಗಡೆ ಪಾಲಿಥಿನ್. ಒಳಗಿನ ಪದರವನ್ನು ಕಾಸಿ ಒತ್ತಿದರೆ ಎರಡು ಅಂಚುಗಳೂ ಕರಗಿ ಒಂದಾಗುತ್ತವೆ, ಅದೇ ಬೆಸುಗೆ. ಶಾಖವನ್ನೂ ಒತ್ತಡವನ್ನೂ ತಕ್ಕ ಪ್ರಮಾಣದಲ್ಲಿ ಕೊಟ್ಟರೆ ಆ ಬೆಸುಗೆ ಹಾಳೆಯಷ್ಟೇ ಬಲವಾಗುತ್ತದೆ. ಪಾಲಿಯೆಸ್ಟರಿಗೆ ಒಂದು ವಿಚಿತ್ರ ಸ್ವಭಾವವಿದೆ. ನಯವಾದ ಅಂಚಿನಿಂದ ಅದನ್ನು ಹರಿಯಲು ಹೊರಟರೆ ಪೈಲ್ವಾನನಿಗೂ ಬಗ್ಗುವುದಿಲ್ಲ. ಆದರೆ ಅಂಚಿನಲ್ಲಿ ಕೂದಲೆಳೆಯಷ್ಟು ಕಚ್ಚು ಇದ್ದರೆ ಸಾಕು, ಅಲ್ಲಿಂದ ಮಗುವಿನ ಕೈಗೂ ಸರ್ರನೆ ಹರಿದುಬರುತ್ತದೆ. ಅಂದರೆ ಪೊಟ್ಟಣ ಬಿಚ್ಚುವ ಸಮಸ್ಯೆಯಲ್ಲಿ ಮುಕ್ಕಾಲು ಭಾಗ ಹರಿಯುವುದಲ್ಲ, ಹರಿಯಲು ಆರಂಭಿಸುವುದು. ಆ ಒಂದು ಕಚ್ಚಿಗೆ ತಯಾರಕರಿಗೆ ತಗಲುವ ವೆಚ್ಚ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಹೀಗಿದ್ದೂ ಕೆಲವು ಪೊಟ್ಟಣಗಳಲ್ಲಿ ಕಚ್ಚೇ ಇಲ್ಲ. ಕೆಲವುಗಳಲ್ಲಿ ಇದ್ದರೂ ಅದು ಬೆಸುಗೆಯ ಅಂಚಿನಲ್ಲಿಯೇ ಮುಗಿದು, ಹರಿದಾಗ ಒಂದು ಚೂರು ಮಾತ್ರ ಕೈಗೆ ಬಂದು ಪೊಟ್ಟಣ ಮೊದಲಿನಂತೆಯೇ ಮುಚ್ಚಿಕೊಂಡಿರುತ್ತದೆ. ಇನ್ನು ಕೆಲವುಗಳಲ್ಲಿ ‘ಇಲ್ಲಿ ಹರಿಯಿರಿ’ ಎಂಬ ಸೂಚನೆ ಇಂಗ್ಲಿಷಿನಲ್ಲಿ, ಇರುವೆಯ ಕಾಲಿನಂಥ ಅಕ್ಷರಗಳಲ್ಲಿ, ಹಳದಿಯ ಮೇಲೆ ಬಿಳಿಯಾಗಿ ಅಚ್ಚಾಗಿರುತ್ತದೆ.

ಹಾಲಿನ ಪೊಟ್ಟಣದ ಸಂಗತಿ ಬೇರೆ. ಅದರ ಪಾಲಿಥಿನ್ ಹರಿಯುವುದಕ್ಕೆ ಬದಲಾಗಿ ಹಿಗ್ಗುತ್ತದೆ. ಕೈಯಿಂದ ಎಳೆದಷ್ಟೂ ಹಂಬಿನಂತೆ ಉದ್ದವಾಗುತ್ತದೆಯೇ ಹೊರತು ಬಾಯಿ ಬಿಡುವುದಿಲ್ಲ. ಅದಕ್ಕೆ ಕತ್ತರಿ ಅನಿವಾರ್ಯ. ಆ ಮಾತಿಗೆ ಮುಂದೆ ಬರುತ್ತೇನೆ.

ಇಷ್ಟು ಜಾಣತನದಿಂದ ತಯಾರಾಗುವ ವಸ್ತುವಿನಲ್ಲಿ ಇಷ್ಟು ಸಣ್ಣ ವಿಷಯ ಬಿಟ್ಟುಹೋಗುವುದೇಕೆ ಎಂದು ನಾನು ಬಹಳ ಯೋಚಿಸಿದ್ದೇನೆ. ನನಗೆ ತೋರುವ ಕಾರಣ ಇದು: ಪೊಟ್ಟಣದ ಪರೀಕ್ಷೆ ನಡೆಯುವ ಸ್ಥಳಗಳಲ್ಲಿ ಯಾರೂ ಅದನ್ನು ಬಿಚ್ಚುವುದಿಲ್ಲ. ಕಾರ್ಖಾನೆಯಲ್ಲಿ ಯಂತ್ರ ಅದನ್ನು ತುಂಬುತ್ತದೆ. ಬೇಗ ತುಂಬಿತೆ ಎಂದು ನೋಡುತ್ತಾರೆ. ಲಾರಿಯಲ್ಲಿ ಅದು ಕುಲುಕಾಡುತ್ತದೆ. ಒಡೆಯದೆ ಬಂದಿತೆ ಎಂದು ನೋಡುತ್ತಾರೆ. ಅಂಗಡಿಯಲ್ಲಿ ಅದು ತೂಗಾಡುತ್ತದೆ. ಗಿರಾಕಿಯ ಕಣ್ಣನ್ನು ಸೆಳೆಯಿತೆ ಎಂದು ನೋಡುತ್ತಾರೆ. ಹಣ ಕೈಯಿಂದ ಕೈಗೆ ದಾಟಿ, ಗಿರಾಕಿ ಮನೆಯನ್ನು ಸೇರಿ, ಒಬ್ಬನೇ ಕುಳಿತು ಅದನ್ನು ಬಿಚ್ಚುವ ಹೊತ್ತಿಗೆ ನೋಡುವವರು ಯಾರೂ ಇರುವುದಿಲ್ಲ. ಬಿಚ್ಚಲಾಗದಿದ್ದರೆ ಅವನು ತನ್ನ ಕೈಯನ್ನು ಬೈದುಕೊಳ್ಳುತ್ತಾನೆಯೇ ಹೊರತು ತಯಾರಕನನ್ನಲ್ಲ. ಬೈದುಕೊಳ್ಳುವುದರ ಜೊತೆಗೆ ಕೆಲವರು ನಾಚಿಕೆಯನ್ನೂ ಪಡುತ್ತಾರೆ.

ನಾಚಿಕೆಯ ಮಾತನ್ನು ಸುಮ್ಮನೆ ಆಡಲಿಲ್ಲ. ಎರಡು ವರ್ಷಗಳ ಹಿಂದೆ ನನ್ನ ಅಕ್ಕ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯನ್ನು ಸೇರಿದ್ದಳು. ಆಗ ಅವಳಿಗೆ ಎಪ್ಪತ್ತೆಂಟು ವರ್ಷ. ಕೈಬೆರಳುಗಳು ಸಂಧಿವಾತದಿಂದ ಅದಾಗಲೇ ಗಂಟುಗಂಟಾಗಿದ್ದವು. ನಾನು ಸಂಜೆಯ ವೇಳೆಗೆ ಹೋಗಿ ಕುಳಿತು ಬರುತ್ತಿದ್ದೆ. ಮಧ್ಯಾಹ್ನದ ಊಟ ಆಸ್ಪತ್ರೆಯಿಂದಲೇ ಬರುತ್ತಿತ್ತು. “ಅಜ್ಜಿ ಸರಿಯಾಗಿ ಊಟ ಮಾಡುತ್ತಿಲ್ಲ, ನೀವಾದರೂ ಹೇಳಿ” ಎಂದು ದಾದಿ ದೂರಿದಳು. ಕೇಳಿದರೆ ಅಕ್ಕ, “ಹಸಿವಿಲ್ಲ ಕಣೋ” ಎಂದು ಮುಖ ತಿರುಗಿಸಿದಳು. ವಯಸ್ಸಾದವರಿಗೆ ಹಸಿವು ಕಡಿಮೆಯಾಗುವುದು ಸಹಜವೆಂದು ನಾನೂ ಸುಮ್ಮನಾದೆ. ನಾಲ್ಕನೆಯ ದಿನ ಅವಳ ಕನ್ನಡಕವನ್ನು ಹುಡುಕುತ್ತ ಮಂಚದ ಬದಿಯ ಪೆಟ್ಟಿಗೆಯನ್ನು ತೆರೆದೆ. ಅದರೊಳಗೆ ಬಿಸ್ಕತ್ತಿನ ಪೊಟ್ಟಣಗಳು, ಉಪ್ಪಿನಕಾಯಿಯ ಪೊಟ್ಟಣಗಳು, ಪ್ಲಾಸ್ಟಿಕ್ಕಿನ ಹಾಳೆಯೊಳಗೆ ಭದ್ರವಾಗಿದ್ದ ಚಮಚೆಗಳು ಸಾಲಾಗಿ ಇದ್ದವು. ಒಂದನ್ನೂ ಬಿಚ್ಚಿರಲಿಲ್ಲ. ಮೊಸರಿನ ಬಟ್ಟಲುಗಳು ಮುಚ್ಚಿದಂತೆಯೇ ಹಿಂದಕ್ಕೆ ಹೋಗುತ್ತಿದ್ದವೆಂದು ಆಮೇಲೆ ತಿಳಿಯಿತು.

“ಇದೇನಕ್ಕಾ?” ಎಂದೆ.

“ನನ್ನ ಕೈಯಲ್ಲಿ ಬಿಚ್ಚುವುದಕ್ಕೆ ಆಗುವುದಿಲ್ಲ. ಆ ಹುಡುಗಿಗೆ ಹತ್ತು ಜನ ರೋಗಿಗಳು. ಎಷ್ಟು ಸಲವೆಂದು ಕರೆಯಲಿ?” ಎಂದಳು.

ಒಂದು ಕಾಲಕ್ಕೆ ಹದಿನಾಲ್ಕು ಮಂದಿಯ ಸಂಸಾರಕ್ಕೆ ಅಡಿಗೆ ಮಾಡಿ ಬಡಿಸಿದ ಕೈ ಅದು. ಮೊಸರಿನ ಬಟ್ಟಲಿನ ಮುಚ್ಚಳದೆದುರು ಸೋತ ಆ ಕೈಯನ್ನು ಅವಳು ಹೊದಿಕೆಯೊಳಗೆ ಎಳೆದುಕೊಂಡಳು. ಅನ್ನವಿದ್ದೂ ಹಸಿದಿರುವುದು ಬರಗಾಲದಲ್ಲಿ ಮಾತ್ರವಲ್ಲ, ಬೆಸುಗೆ ಬಿಗಿಯಾದಾಗಲೂ ಉಂಟಾಗುತ್ತದೆ ಎಂಬುದು ಆ ದಿನ ನನಗೆ ತಿಳಿಯಿತು. ಮುದಿತನವೆಂಬುದು ದುಡಿಮೆಯನ್ನು ಕಸಿದುಕೊಳ್ಳುವುದಕ್ಕಿಂತ ಹೆಚ್ಚಾಗಿ, ಇನ್ನೊಬ್ಬರನ್ನು ಕರೆಯದೆ ಉಣ್ಣುವ ಸ್ವಾತಂತ್ರ್ಯವನ್ನು ಕಸಿದುಕೊಳ್ಳುತ್ತದೆ. ಆ ಕಸಿಯುವ ಕೆಲಸಕ್ಕೆ ಪೊಟ್ಟಣವೂ ಕೈಜೋಡಿಸಬೇಕೆ?

ತಯಾರಕರ ಕಡೆಯಿಂದ ಹೇಳಬಹುದಾದ ಮಾತು ಇಲ್ಲದಿಲ್ಲ. ಸುಲಭವಾಗಿ ಬಿಚ್ಚುವುದು ದಾರಿಯಲ್ಲಿಯೇ ಬಿಚ್ಚಿಹೋಗಬಹುದು. ಯಾರೋ ಬಿಚ್ಚಿ ಏನನ್ನೋ ಬೆರೆಸಿ ಮತ್ತೆ ಮುಚ್ಚಲೂಬಹುದು. ಈ ಭಯ ಕಾಲ್ಪನಿಕವಲ್ಲ. 1982ರಲ್ಲಿ ಅಮೆರಿಕದ ಶಿಕಾಗೊ ನಗರದ ಸುತ್ತಮುತ್ತ, ಅಂಗಡಿಯಲ್ಲಿದ್ದ ನೋವುನಿವಾರಕ ಮಾತ್ರೆಗಳಲ್ಲಿ ಯಾರೋ ಸಯನೈಡನ್ನು ಬೆರೆಸಿ ಏಳು ಮಂದಿ ಸತ್ತರು. ತೆರೆದರೆ ತೆರೆದ ಗುರುತು ಕಾಣುವಂಥ ಮುಚ್ಚಳಗಳು ಎಲ್ಲೆಡೆಗೂ ಬಂದದ್ದು ಅದರ ತರುವಾಯ. ಆದರೆ ತೆರೆದ ಗುರುತು ಕಾಣಬೇಕೆನ್ನುವುದು ಬೇರೆ, ತೆರೆಯಲು ಬಾರದಂತಿರಬೇಕೆನ್ನುವುದು ಬೇರೆ. ಅದೇ ಅಮೆರಿಕದಲ್ಲಿ, ವಿಷವಾಗಬಹುದಾದ ಔಷಧಗಳ ಮುಚ್ಚಳಗಳನ್ನು ಚಿಕ್ಕ ಮಕ್ಕಳು ತೆರೆಯಲಾರದಂತೆ ಮಾಡಬೇಕೆಂದು 1970ರಲ್ಲಿ ಕಾನೂನು ಬಂದಿತು. ಅಂಥ ಮುಚ್ಚಳವನ್ನು ಒಪ್ಪುವ ಮೊದಲು ಮಕ್ಕಳ ಕೈಗೂ ಕೊಟ್ಟು ನೋಡುತ್ತಾರೆ, ಐವತ್ತರಿಂದ ಎಪ್ಪತ್ತು ವರ್ಷದವರ ಕೈಗೂ ಕೊಟ್ಟು ನೋಡುತ್ತಾರೆ. ಮಕ್ಕಳು ತೆರೆಯಬಾರದು, ಹಿರಿಯರು ತೆರೆಯಲೇಬೇಕು. ವಿಷದ ವಿಷಯದಲ್ಲಿ ತೋರುವ ಈ ವಿವೇಚನೆಯನ್ನು ಅನ್ನದ ವಿಷಯದಲ್ಲಿ ತೋರಬಾರದೆ?

ಬಲವೂ ಸೌಲಭ್ಯವೂ ಒಂದಕ್ಕೊಂದು ವೈರಿಗಳಲ್ಲ. ಬಾಳೆಯ ಹಣ್ಣನ್ನೇ ನೋಡಿ. ಸುತ್ತಲಿಂದ ಒತ್ತಿದರೆ ತಡೆಯುತ್ತದೆ. ತೊಟ್ಟಿನ ಬಳಿ ಮುರಿದರೆ ಮಾತ್ರ ಸಿಪ್ಪೆ ಪಟ್ಟಿಪಟ್ಟಿಯಾಗಿ ಇಳಿಯುತ್ತದೆ. ಎಲ್ಲ ಕಡೆಯೂ ಗಟ್ಟಿ, ಒಂದು ಕಡೆ ಮಾತ್ರ ಮೆದು. ಆ ಮೆದುವಾದ ಸ್ಥಳ ಎಲ್ಲಿದೆಯೆಂಬುದನ್ನು ತೊಟ್ಟೇ ತೋರಿಸಿಕೊಡುತ್ತದೆ. (ಹಲಸಿನ ಹಣ್ಣಿನ ಮಾತನ್ನು ಇಲ್ಲಿ ಎತ್ತುವುದು ಬೇಡ. ಪ್ರಕೃತಿಯೂ ಕೆಲವೊಮ್ಮೆ ಬಿಚ್ಚುವವರನ್ನು ಮರೆತಿದೆ.) ಸ್ವೀಡನ್ನಿನ ರೂಬೆನ್ ರೌಸಿಂಗ್ ಎಂಬವರು 1951ರಲ್ಲಿ ಸ್ಥಾಪಿಸಿದ ಟೆಟ್ರಾ ಪ್ಯಾಕ್ ಕಂಪೆನಿಯ ಹೆಸರನ್ನು ನೀವು ಹಣ್ಣಿನ ರಸದ ಪೆಟ್ಟಿಗೆಗಳ ಮೇಲೆ ಕಂಡಿರಬಹುದು. ಆ ಪುಟ್ಟ ಪೆಟ್ಟಿಗೆಯ ರಟ್ಟು ಎಷ್ಟು ಗಟ್ಟಿಯಾಗಿದ್ದರೂ ಕೊಳವೆ ಚುಚ್ಚುವ ಜಾಗದಲ್ಲಿ ರಟ್ಟಿಗೆ ಮೊದಲೇ ರಂಧ್ರ ಮಾಡಿ, ತೆಳುವಾದ ಪೊರೆಯನ್ನು ಮಾತ್ರ ಉಳಿಸಿರುತ್ತಾರೆ. ಬಾಳೆಯ ಹಣ್ಣಿನ ತೊಟ್ಟಿಗೂ ಇದಕ್ಕೂ ತತ್ತ್ವ ಒಂದೇ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಕೊಳವೆಗೆ ನಮ್ಮ ದೇಶದಲ್ಲಿ ನಿಷೇಧ ಬಂದ ಮೇಲೆ ಕಾಗದದ ಕೊಳವೆ ಬಂದಿದೆ. ಅದು ಮೆತ್ತಗಾಗಿ ಬಾಗುತ್ತದೆಂದು ಮಕ್ಕಳು ಗೊಣಗುವುದನ್ನು ಕೇಳಿದ್ದೇನೆ.

ಬಿಚ್ಚುವವರನ್ನು ಮರೆಯುವ ಈ ರೋಗ ಹಳೆಯದು. ಆಹಾರವನ್ನು ತಗಡಿನ ಡಬ್ಬಿಯಲ್ಲಿಟ್ಟು ಕಾಪಾಡುವ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ಎಂಬವನು ಪೇಟೆಂಟ್ ಪಡೆದದ್ದು 1810ರಲ್ಲಿ. ಡಬ್ಬಿ ತೆರೆಯುವ ಸಾಧನಕ್ಕೆ ಅಮೆರಿಕದ ಎಜ್ರಾ ವಾರ್ನರ್ ಪೇಟೆಂಟ್ ಪಡೆದದ್ದು 1858ರಲ್ಲಿ. ನಡುವಿನ ಸುಮಾರು ಐವತ್ತು ವರ್ಷ ಜನರು ಉಳಿ ಸುತ್ತಿಗೆಗಳಿಂದ ಡಬ್ಬಿಯನ್ನು ಒಡೆದು ಉಂಡರು. ಸಿಪಾಯಿಗಳಂತೂ ಬಯೊನೆಟ್ಟನ್ನೇ ಉಪಯೋಗಿಸಿದರಂತೆ. ಆಮೇಲೆ ನೂರು ವರ್ಷ ಕಳೆದು, 1959ರಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಎರ್ಮಲ್ ಫ್ರೇಜ್ ಎಂಬ ಯಂತ್ರತಜ್ಞ ವನಭೋಜನಕ್ಕೆ ಹೋದಾಗ ಡಬ್ಬಿ ತೆರೆಯುವ ಸಾಧನವನ್ನು ಮನೆಯಲ್ಲಿಯೇ ಮರೆತ. ಪಾನೀಯದ ಡಬ್ಬಿಯನ್ನು ಮೋಟಾರಿನ ಬಂಪರಿಗೆ ಸಿಕ್ಕಿಸಿ ತೆರೆಯಬೇಕಾಯಿತು. ಬೇರೊಬ್ಬನಾಗಿದ್ದರೆ ನಕ್ಕು ಮರೆಯುತ್ತಿದ್ದ. ಫ್ರೇಜ್ ಮಾತ್ರ ಆ ಕಿರುಕುಳವನ್ನು ತಲೆಯಲ್ಲಿಟ್ಟುಕೊಂಡು, ಮುಚ್ಚಳದಲ್ಲಿಯೇ ಒಂದು ಹಿಡಿಕೆಯನ್ನು ಸೇರಿಸಿ, ಎಳೆದರೆ ಪಟ್ಟಿಯೊಂದು ಹರಿದುಬರುವಂತೆ ಮಾಡಿದ. 1960ರ ದಶಕದಲ್ಲಿ ಆ ಡಬ್ಬಿ ಮನೆಮಾತಾಯಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಹರಿದುಬಂದ ಪಟ್ಟಿಯನ್ನು ಏನು ಮಾಡುವುದು? ಜನ ಅದನ್ನು ಬಿದ್ದಲ್ಲಿ ಬಿಸಾಡಿದರು. ಕಡಲತೀರದ ಮರಳಿನಲ್ಲಿ ಅದು ಬರಿಗಾಲುಗಳನ್ನು ಕೊಯ್ಯಿತು. ಕೆಲವರು ಅದನ್ನು ಡಬ್ಬಿಯೊಳಕ್ಕೇ ಹಾಕಿ, ಕುಡಿಯುವಾಗ ಪಾನೀಯದೊಡನೆ ನುಂಗಿದರು. 1975ರಲ್ಲಿ ಡೇನಿಯಲ್ ಕಡ್ಜಿಕ್ ಎಂಬವರು ರೂಪಿಸಿದ ಡಬ್ಬಿಯಲ್ಲಿ ನಾಲಗೆಯನ್ನು ಎತ್ತಿದರೆ ಬಾಯಿ ಒಳಕ್ಕೆ ಮಡಿಸಿಕೊಳ್ಳುತ್ತದೆ. ನಾಲಗೆ ಡಬ್ಬಿಗೇ ಅಂಟಿಕೊಂಡಿರುತ್ತದೆ. ಇಂದು ನಾವು ಕಾಣುವ ಪಾನೀಯದ ಡಬ್ಬಿ ಇದೇ. ಯುರೋಪಿನ ಒಕ್ಕೂಟವು ಇದೇ ನ್ಯಾಯವನ್ನು ಪ್ಲಾಸ್ಟಿಕ್ ಬಾಟಲಿಗೂ ಅನ್ವಯಿಸಿದೆ. ಮೂರು ಲೀಟರಿನವರೆಗಿನ ಬಾಟಲಿಗಳ ಮುಚ್ಚಳ ತೆರೆದ ಮೇಲೂ ಬಾಟಲಿಗೆ ಅಂಟಿಕೊಂಡೇ ಇರಬೇಕೆಂಬ 2019ರ ನಿರ್ದೇಶನ 2024ರ ಜುಲೈ 3ರಿಂದ ಜಾರಿಗೆ ಬಂದಿದೆ. ಸುಲಭವಾಗಿ ಬಿಚ್ಚಿಕೊಳ್ಳುವುದರ ಜೊತೆಗೆ, ಬಿಚ್ಚಿದಾಗ ಚೂರು ಉದುರದಿರುವುದೂ ಒಳ್ಳೆಯ ಪೊಟ್ಟಣದ ಲಕ್ಷಣವೆಂದು ಇದರಿಂದ ಕಾಣುತ್ತದೆ.

ಈಗ ಹಾಲಿನ ಪೊಟ್ಟಣದ ಮಾತಿಗೆ ಬರಬಹುದು. ಕರ್ನಾಟಕದ ಲಕ್ಷಾಂತರ ಮನೆಗಳಲ್ಲಿ ಬೆಳಗಾಗುವುದೇ ಈ ಪೊಟ್ಟಣದ ಮೂಲೆಯನ್ನು ಕತ್ತರಿಸುವುದರಿಂದ. ಕತ್ತರಿಸಿದ ಆ ಮುಕ್ಕೋನದ ಚೂರು ಹೆಬ್ಬೆರಳಿನ ಉಗುರಿಗಿಂತ ದೊಡ್ಡದಲ್ಲ. ಖಾಲಿ ಪೊಟ್ಟಣವನ್ನು ತೊಳೆದು ಒಣಗಿಸಿ ಹಳೆಯ ಸಾಮಾನಿನವನಿಗೆ ಕೊಡುವ ಗೃಹಿಣಿಯರಿದ್ದಾರೆ. ಚೂರನ್ನು ಕೂಡಿಡುವವರು ಯಾರೂ ಇಲ್ಲ. ಅದು ಬಚ್ಚಲಿನ ನೀರಿನೊಡನೆ ಚರಂಡಿಗೆ, ಅಲ್ಲಿಂದ ಹೊಲಕ್ಕೆ, ಕೆರೆಗೆ, ತಿಪ್ಪೆಯ ಹುಲ್ಲಿನೊಡನೆ ಹಸುವಿನ ಹೊಟ್ಟೆಗೆ ಸೇರುತ್ತದೆ. ಹಾಲು ಕೊಟ್ಟ ಹಸುವಿಗೆ ನಾವು ಸಲ್ಲಿಸುವ ಕಾಣಿಕೆ! ಮೂಲೆಯನ್ನು ಪೂರ್ತಿಯಾಗಿ ಕತ್ತರಿಸದೆ ಒಂದು ಅಂಚನ್ನು ಉಳಿಸಿ, ಚೂರು ಪೊಟ್ಟಣಕ್ಕೇ ನೇತಾಡುವಂತೆ ಕತ್ತರಿಸಿರೆಂದು ಪರಿಸರಪ್ರೇಮಿಗಳು ಕೆಲವು ವರ್ಷಗಳಿಂದ ಹೇಳುತ್ತಿದ್ದಾರೆ. ಒಳ್ಳೆಯ ಸಲಹೆ, ನಮ್ಮ ಮನೆಯಲ್ಲಿ ಹಾಗೆಯೇ ಮಾಡುತ್ತೇವೆ. ಆದರೆ ನಿದ್ದೆಗಣ್ಣಿನಲ್ಲಿ ಒಲೆಯ ಮುಂದೆ ನಿಂತವರ ಎಚ್ಚರಿಕೆಯನ್ನು ನಂಬಿ ಕೂರುವುದಕ್ಕಿಂತ, ಎಲ್ಲಿಯವರೆಗೆ ಕತ್ತರಿಸಬೇಕೆಂಬ ಗೆರೆಯನ್ನು ಪೊಟ್ಟಣದ ಮೇಲೆಯೇ ದಪ್ಪವಾಗಿ ಅಚ್ಚುಹಾಕಬಹುದು. ಕತ್ತರಿಯೇ ಬೇಡದಂಥ ಬಾಯನ್ನು ಇದೇ ಬೆಲೆಗೆ ಮಾಡಲು ಸಾಧ್ಯವೆ ಎಂಬುದನ್ನು ನಮ್ಮ ತಂತ್ರಜ್ಞರು ಯೋಚಿಸಲಿ. ಕೋಟಿಗಟ್ಟಲೆ ಪೊಟ್ಟಣಗಳ ದೇಶದಲ್ಲಿ ಅದು ಸಣ್ಣ ಸಂಶೋಧನೆಯಾಗಲಾರದು.

ಜಪಾನಿನಲ್ಲಿ ಹಾಲಿನ ರಟ್ಟಿನ ಪೆಟ್ಟಿಗೆಯ ಮೇಲಂಚಿನಲ್ಲಿ ಅರ್ಧಚಂದ್ರಾಕಾರದ ಒಂದು ಸಣ್ಣ ಕಚ್ಚನ್ನು ಇಡುವ ಪದ್ಧತಿ ಇದೆ. ಕಣ್ಣು ಕಾಣದವರು ಅದನ್ನು ಬೆರಳಿನಿಂದ ಮುಟ್ಟಿ, ಇದು ರಸವಲ್ಲ, ಹಾಲು ಎಂದು ಅರಿಯುತ್ತಾರೆ. ತೆರೆಯಬೇಕಾದ ಬಾಯಿ ಕಚ್ಚಿಗೆ ಎದುರು ಬದಿಯಲ್ಲಿ ಇರುತ್ತದೆಂಬುದನ್ನೂ ತಿಳಿಯುತ್ತಾರೆ. ಒಂದು ಬಿಡಿಕಾಸಿನ ಕೆಲಸ. ಆದರೆ ಒಬ್ಬ ಮನುಷ್ಯ ಯಾರನ್ನೂ ಕೂಗದೆ ತನ್ನ ಲೋಟಕ್ಕೆ ತಾನೇ ಹಾಲನ್ನು ಸುರಿದುಕೊಳ್ಳಬಲ್ಲ. ಅಕ್ಕನ ಪೆಟ್ಟಿಗೆಯಲ್ಲಿದ್ದ ಪೊಟ್ಟಣಗಳನ್ನು ನೆನೆದಾಗಲೆಲ್ಲ ನನಗೆ ಈ ಕಚ್ಚಿನ ನೆನಪಾಗುತ್ತದೆ.

ಪೊಟ್ಟಣವನ್ನು ಮಾರುಕಟ್ಟೆಗೆ ಬಿಡುವ ಮೊದಲು ಬಿಚ್ಚುವ ಪರೀಕ್ಷೆಯನ್ನೂ ಮಾಡಿಸಬೇಕೆಂಬುದು ನನ್ನ ಅಭಿಪ್ರಾಯ. ಪರೀಕ್ಷೆ ಮಾಡುವವರು ಕಾರ್ಖಾನೆಯ ಯುವಕರಾಗಿರಬಾರದು. ಎಪ್ಪತ್ತರ ಮುದುಕಿ, ಎಡಗೈಯವನು, ಎಣ್ಣೆಗೈಯ ಅಡಿಗೆಯವನು, ಕನ್ನಡಕ ಮರೆತುಬಂದವನು, ಅಕ್ಷರ ಬಾರದವನು, ಒಂದು ಕೈಯಲ್ಲಿ ಮಗುವನ್ನು ಎತ್ತಿಕೊಂಡ ತಾಯಿ ಇವರೆಲ್ಲರ ಕೈಗೂ ಅದನ್ನು ಕೊಟ್ಟು ನೋಡಬೇಕು. ಇದು ನನ್ನ ಹುಚ್ಚು ಕಲ್ಪನೆಯೇನೂ ಅಲ್ಲ. ಪೊಟ್ಟಣಗಳು ಸುಲಭವಾಗಿ ತೆರೆಯುವಂತಿರಬೇಕೆಂಬ ಬಗ್ಗೆ ಅಂತಾರಾಷ್ಟ್ರೀಯ ಮಾನಕ ಸಂಸ್ಥೆ 2015ರಲ್ಲಿ 17480ನೆಯ ಸಂಖ್ಯೆಯ ಮಾನಕವನ್ನೇ ಹೊರಡಿಸಿದೆ.

ಅಲ್ಲಿಯವರೆಗೆ ನಾವು ಸುಮ್ಮನೆ ಕುಳಿತಿರಬೇಕಾಗಿಲ್ಲ. ದೂರು ಕೊಡುವವರು ಯಾರಿಗೆ ಬರೆಯಬೇಕೆಂಬ ವಿಳಾಸವನ್ನು ಪೊಟ್ಟಣದ ಮೇಲೆ ಅಚ್ಚುಹಾಕಬೇಕೆಂದು ನಮ್ಮಲ್ಲಿ 2011ರ ನಿಯಮಗಳೇ ಹೇಳುತ್ತವೆ. ಮನೆಯ ಅಜ್ಜಿಯ ಕೈಗೆ ಒಂದು ಪೊಟ್ಟಣವನ್ನು ಕೊಟ್ಟು, ಅವರು ಅದನ್ನು ಬಿಚ್ಚಲು ಎಷ್ಟು ಹೊತ್ತು ತೆಗೆದುಕೊಂಡರು, ಎಲ್ಲಿ ತಡವರಿಸಿದರು, ಹಲ್ಲು ಹಚ್ಚಿದರೆ ಎಂಬುದನ್ನು ಗಮನಿಸಿ ಆ ವಿಳಾಸಕ್ಕೆ ಒಂದು ಪತ್ರ ಬರೆಯುವುದು ಹೈಸ್ಕೂಲಿನ ಯಾವ ವಿದ್ಯಾರ್ಥಿಗೂ ಕಷ್ಟವಲ್ಲ. ನಾನು ಇದುವರೆಗೆ ಇಂಥ ಮೂರು ಪತ್ರಗಳನ್ನು ಬರೆದಿದ್ದೇನೆ. ಎರಡಕ್ಕೆ ಉತ್ತರ ಬರಲಿಲ್ಲ. ಮೂರನೆಯ ಕಂಪೆನಿಯವರು ನನ್ನ ಸಲಹೆಯನ್ನು ಸಂಬಂಧಪಟ್ಟವರ ಗಮನಕ್ಕೆ ತರುವುದಾಗಿ ವಿನಯದಿಂದ ಬರೆದು, ಜೊತೆಗೆ ತಮ್ಮ ಬಿಸ್ಕತ್ತುಗಳ ಒಂದು ಕಟ್ಟನ್ನು ಕಾಣಿಕೆಯಾಗಿ ಕಳುಹಿಸಿದ್ದರು. ಅದನ್ನು ಅಕ್ಕನ ಮುಂದಿಟ್ಟೆ. ಅವಳು ತಿರುಗಿಸಿ ತಿರುಗಿಸಿ ನೋಡಿ, “ಕತ್ತರಿ ತೆಗೆದುಕೊಂಡು ಬಾ” ಎಂದಳು.